ಹಳೇ ಮರದ ಮೋಟಾರ್ ಯಾಟ್: ದುರಸ್ತಿ ಎಲ್ಲಿಂದ ಶುರು ಮಾಡಬೇಕು?

1940ರ ಜೂನ್ 1. ಫ್ರಾನ್ಸಿನ ಡಂಕರ್ಕ್ ತೀರದಲ್ಲಿ ಸಿಕ್ಕಿಬಿದ್ದ ಸೈನಿಕರನ್ನು ಕರೆತರಲು ಚಾರ್ಲ್ಸ್ ಲೈಟೋಲರ್ ತಮ್ಮ ಮೋಟಾರ್ ಯಾಟ್ (ಎಂಜಿನ್ ಇರುವ ವಿಹಾರ ದೋಣಿ) ‘ಸನ್‌ಡೌನರ್’ ತೆಗೆದುಕೊಂಡು ಹೊರಟರು. ಟೈಟಾನಿಕ್ ಮುಳುಗಿದಾಗ ಅದರ ಸೆಕೆಂಡ್ ಆಫೀಸರ್ ಆಗಿದ್ದವರು ಇವರೇ. 58 ಅಡಿ ಉದ್ದದ ಆ ಮರದ ದೋಣಿ ವಾಪಸ್ ಬರುವಾಗ ಸುಮಾರು 130 ಸೈನಿಕರನ್ನು ಹೊತ್ತು ತಂದಿತು.

ಸನ್‌ಡೌನರ್ ಉಳಿದುಕೊಂಡಿದೆ. ಅದರ ಕಾಲದ ಎಷ್ಟೋ ದೋಣಿಗಳಿಗೆ ಆ ಅದೃಷ್ಟ ಇಲ್ಲ. ಇಂಗ್ಲೆಂಡಿನ ನದಿಮುಖಗಳಲ್ಲಿ, ಹರಿದ ಟಾರ್ಪಾಲಿನ ಕೆಳಗೆ ಕೊಳೆಯುತ್ತ ಬಿದ್ದಿವೆ. ಕೆಲವು ಬಿಟ್ಟಿಯಾಗಿಯೇ ಸಿಗುತ್ತವೆ. ಅಲ್ಲಿ ನೆಲೆಸಿದ ಕನ್ನಡಿಗರ ಕಣ್ಣಿಗೂ ಒಂದು ಬಿದ್ದೀತು. ಮನಸ್ಸು ಬಂದರೆ ಮುಂದೇನು ಮಾಡಬೇಕು, ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ನೋಡೋಣ.

ಮೊದಲು ಮಳೆ ನಿಲ್ಲಿಸಿ

ಮರದ ದೋಣಿಯನ್ನು ಕಡಲ ನೀರು ಕೊಲ್ಲುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಉಪ್ಪುನೀರು ಮರವನ್ನು ಬಹುಮಟ್ಟಿಗೆ ಕಾಪಾಡುತ್ತದೆ. ಮರ ಕುಂಬಾಗುವುದು ಮಳೆನೀರಿನಿಂದ. ಮರದಲ್ಲಿ ತೇವ ಶೇ 20 ದಾಟಿ, ಗಾಳಿ ಆಡದೇ ಇದ್ದರೆ ಬೂಷ್ಟು ಬೇರೂರುತ್ತದೆ. ಮಲೆನಾಡಿನ ಹಳೇ ಮನೆಯಲ್ಲಿ ಒಂದು ಹೆಂಚು ಒಡೆದರೆ ಕೆಳಗಿನ ತೊಲೆ ಏನಾಗುತ್ತದೆ? ಇಲ್ಲಿಯೂ ಅದೇ. ಡೆಕ್ಕಿನ ಬಿರುಕು, ಕ್ಯಾಬಿನ್ ಮತ್ತು ಡೆಕ್ ಸೇರುವ ಮೂಲೆ, ಕಿಟಕಿಯ ಅಂಚು. ನೀರು ಇಳಿಯುವುದು ಇಲ್ಲಿಂದ.

ಹಾಗಾಗಿ ಮೊದಲ ದಿನ ಬಣ್ಣ ಕೆರೆಯಲು ಹೋಗಬೇಡಿ. ದೋಣಿಯ ಮೇಲೆ ಇಳಿಜಾರಾಗಿ ಒಳ್ಳೇ ಚಪ್ಪರ ಹಾಕಿ. ಎರಡೂ ತುದಿ ತೆರೆದಿರಲಿ. ಒಳಗಿನ ಕಪಾಟು, ನೆಲಹಲಗೆ ಎಲ್ಲ ತೆಗೆದಿಟ್ಟು ಗಾಳಿ ಆಡಲು ಬಿಡಿ. ಬೇಗ ಒಣಗಲಿ ಅಂತ ಹೀಟರ್ ಮಾತ್ರ ಇಡಬೇಡಿ. ಒಮ್ಮೆಲೇ ಒಣಗಿದರೆ ಹಲಗೆಗಳು ಕುಗ್ಗಿ ಸೀಳುತ್ತವೆ. ದೋಣಿಯ ಒಡಲು, ಅಂದರೆ ಹೊರಮೈ, ಬೇಸಿಗೆಯಿಡೀ ದಡದಲ್ಲಿದ್ದರೆ ತಳಕ್ಕೆ ಆಗಾಗ ಉಪ್ಪುನೀರು ಚಿಮುಕಿಸಬೇಕು. ಮೇಲೆ ಒಣಗಿರಬೇಕು, ಕೆಳಗೆ ತೇವ ಇರಬೇಕು. ಇದೊಂದು ಅರ್ಥವಾದರೆ ಅರ್ಧ ಕೆಲಸ ಗೊತ್ತಾದ ಹಾಗೆ.

ಬಡಿದು ನೋಡಿ

ಹಲಸಿನ ಹಣ್ಣನ್ನು ಬಡಿದು ನೋಡುತ್ತೇವಲ್ಲ, ಹಾಗೆಯೇ ಚಿಕ್ಕ ಸುತ್ತಿಗೆಯಿಂದ ಇಡೀ ಒಡಲನ್ನು ತಟ್ಟುತ್ತ ಹೋಗಿ. ಗಟ್ಟಿ ಮರ ಟಣ್ ಎನ್ನುತ್ತದೆ. ಕುಂಬು ಹಿಡಿದದ್ದು ದಬ್ ಎನ್ನುತ್ತದೆ. ದಬ್ ಎಂದ ಕಡೆ ಸೀಮೆಸುಣ್ಣದ ಗುರುತು ಹಾಕಿ, ಸಣ್ಣ ದಬ್ಬಣದಿಂದ ಒಮ್ಮೆ ಚುಚ್ಚಿ ನೋಡಿ. ಮುಂಭಾಗದ ಕಂಬದ ತಲೆ, ಹಿಂಬದಿಯ ಮೂಲೆಗಳು, ಡೆಕ್ ತೊಲೆಗಳ ತುದಿ, ಇವನ್ನು ಬಿಡಲೇಬೇಡಿ.

ಆಮೇಲೆ ಮುಂದಿನಿಂದ ಹಿಂದಿನವರೆಗೆ ಒಂದು ದಾರ ಬಿಗಿದು ಕಟ್ಟಿ. ನಡುವೆ ಉಬ್ಬಿ ಎರಡೂ ತುದಿ ಜೋತಿದ್ದರೆ ಬೆನ್ನುಮೂಳೆಯಂತಿರುವ ಕೀಲ್ ಬಾಗಿದೆ ಎಂದರ್ಥ. ಕೀಲ್‌ನ ಕಬ್ಬಿಣದ ಬೋಲ್ಟುಗಳಲ್ಲಿ ಒಂದೆರಡನ್ನು ಕಿತ್ತು ನೋಡಲೇಬೇಕು. ತಲೆ ಚೆನ್ನಾಗಿ ಕಾಣುತ್ತದೆ, ನಡುವೆ ಮಾತ್ರ ತುಕ್ಕು ತಿಂದು ಪೆನ್ಸಿಲ್‌ನಷ್ಟು ಆಗಿರುತ್ತದೆ. ಓಕ್ ಮರದ ಆಮ್ಲ ಕಬ್ಬಿಣಕ್ಕೆ ಆಗಿಬರುವುದಿಲ್ಲ. ಕೊಳ್ಳುವ ಮೊದಲೇ ಮರದ ದೋಣಿ ಬಲ್ಲ ಸರ್ವೇಯರ್‌ಗೆ ದುಡ್ಡು ಕೊಟ್ಟು ತೋರಿಸಿ. ಅದು ದಂಡವಲ್ಲ.

ಫೋಟೋ, ಅಳತೆ ಎಲ್ಲ ಈಗಲೇ ತೆಗೆದುಕೊಳ್ಳಿ. ಬ್ರಿಟನ್ನಿನಲ್ಲಿ 33 ಅಡಿಗಿಂತ ಉದ್ದದ, 50 ವರ್ಷ ದಾಟಿದ ದೋಣಿಗಳಿಗೆ ಚಾರಿತ್ರಿಕ ಹಡಗುಗಳ ರಾಷ್ಟ್ರೀಯ ಪಟ್ಟಿ ಇದೆ. ನಿಮ್ಮದು ಅದರಲ್ಲಿದೆಯೇ ನೋಡಿಕೊಳ್ಳಿ.

ಆಕಾರ ಕೆಡಬಾರದು

ಕೀಲ್‌ನ ಉದ್ದಕ್ಕೂ ದಿಮ್ಮಿ ಕೊಟ್ಟು, ಪಕ್ಕಗಳಿಗೆ ಕಂಬದ ಆಸರೆ ನಿಲ್ಲಿಸಿ. ಎಲ್ಲ ಹಲಗೆಯನ್ನೂ ಒಟ್ಟಿಗೆ ಕಿತ್ತರೆ ದೋಣಿ ತನ್ನ ಆಕಾರ ಮರೆಯುತ್ತದೆ. ಮತ್ತೆ ನೆನಪಿಸಲು ಆಗುವುದಿಲ್ಲ. ಹಲಗೆಗಳನ್ನು ಒಳಗಿನಿಂದ ಹಿಡಿದಿಡುವ ಬಾಗಿದ ಮರದ ಪಟ್ಟಿಗಳೇ ಪಕ್ಕೆಗಳು. ಒಂದು ಪಕ್ಕೆ ಬದಲಿಸಿ, ಅದರ ಪಕ್ಕದ್ದನ್ನು ಬಿಟ್ಟು, ಮುಂದಿನದಕ್ಕೆ ಹೋಗಿ.

ಹೊಸ ಪಕ್ಕೆಗೆ ಹಸಿ ಓಕ್ ಬೇಕು. ಉಗಿಪೆಟ್ಟಿಗೆಯಲ್ಲಿ ಒಂದು ಇಂಚು ದಪ್ಪಕ್ಕೆ ಒಂದು ಗಂಟೆ ಬೇಯಿಸುವುದು ರೂಢಿ. ಹೊರತೆಗೆದ ಮೇಲೆ ಬಾಗಿಸಲು ನಿಮಿಷವೂ ಸಿಗುವುದಿಲ್ಲ. ದಪ್ಪ ಕೈಗವಸು ಹಾಕಿದ ಇಬ್ಬರು ಸಿದ್ಧವಾಗಿರಲಿ. ಹಲಗೆಯನ್ನು ಪಕ್ಕೆಗೆ ತಾಮ್ರದ ಮೊಳೆಯಿಂದ ಬಿಗಿದು, ಒಳಗೆ ತಾಮ್ರದ ಬಿಲ್ಲೆ ಕೂರಿಸಿ, ತುದಿಯನ್ನು ಬಡಿದು ಮಡಿಸಬೇಕು. ಹಳೇ ತೇಗ ಸಿಕ್ಕರೆ ಎಸೆಯಬೇಡಿ. 1817ರಲ್ಲಿ ಬಾಂಬೆಯಲ್ಲಿ ಮಲಬಾರ್ ತೇಗದಿಂದ ಕಟ್ಟಿದ ‘ಟ್ರಿಂಕೋಮಲೀ’ ಯುದ್ಧನೌಕೆ ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಅಂಥ ಮರ ಅದು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸೋರುತ್ತದೆ ಅಂತ ಒಡಲಿಗೆ ಫೈಬರ್‌ಗ್ಲಾಸ್ ಹೊದಿಸಬೇಡಿ. ಹಲಗೆಗಳು ಹಿಗ್ಗಿ ಕುಗ್ಗುತ್ತಲೇ ಇರುತ್ತವೆ. ಹೊದಿಕೆ ಒಂದು ಕಡೆ ಬಿಟ್ಟರೂ ನೀರು ಒಳಗೆ ಸೇರಿ ಅಲ್ಲೇ ಉಳಿಯುತ್ತದೆ. ಕಣ್ಣಿಗೆ ಕಾಣದಂತೆ ಮರ ಪುಡಿಯಾಗುತ್ತದೆ.

ಸಂದಿ ತುಂಬುವ ಕೆಲಸ

ನನಗೆ ಅತಿ ಇಷ್ಟವಾದ ಕೆಲಸ ಇದು. ಹಲಗೆಗಳ ನಡುವಿನ ಸಂದಿಯ ಹಳೇ ಕಸ ಕೆರೆದು, ಹತ್ತಿಯ ಎಳೆಯನ್ನು ಅಗಲ ಬಾಯಿಯ ಮೊಂಡು ಉಳಿ ಮತ್ತು ಕೊಡತಿಯಿಂದ ಒಳಗೆ ಬಡಿಯುತ್ತ ಹೋಗುವುದು. ಕೊಡತಿಯ ಸದ್ದು ಬದಲಾಗುವುದರಲ್ಲೇ ಬಿಗಿ ಗೊತ್ತಾಗುತ್ತದೆ. ಜಾಸ್ತಿ ಬಡಿದರೆ ಒಳ್ಳೆಯದು ಅನಿಸುತ್ತದೆ ಅಲ್ವಾ? ಆದರೆ ನೀರಿಗಿಳಿದಾಗ ಹಲಗೆ ಹಿಗ್ಗಬೇಕಲ್ಲ, ಅದಕ್ಕೆ ಜಾಗ ಬೇಕು. ತೀರಾ ಬಿಗಿಯಾದರೆ ಹಲಗೆ ಹಲಗೆಯನ್ನು ತಳ್ಳಿ ಪಕ್ಕೆಯೇ ಮುರಿಯಬಹುದು. ಹತ್ತಿಯ ಮೇಲೆ ಬಣ್ಣ, ಅದರ ಮೇಲೆ ಪುಟ್ಟಿ.

ಹಳೇ ಬಣ್ಣದಲ್ಲಿ ಸೀಸ ಇರುತ್ತದೆ ಎಂದೇ ತಿಳಿಯಿರಿ. ಒಣಗಿದ್ದನ್ನು ಉಜ್ಜಬೇಡಿ, ಬೆಂಕಿಯಿಂದ ಸುಡಬೇಡಿ. ಸರಿಯಾದ ಮಾಸ್ಕ್ ಹಾಕಿ, ಒದ್ದೆ ಮಾಡಿಯೇ ಉಜ್ಜಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಎಂಜಿನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮ್ಯಾಂಚೆಸ್ಟರ್ ಬಳಿ ತಯಾರಾದ ಹಳೇ ಗಾರ್ಡ್ನರ್ ಡೀಸೆಲ್ ಇದ್ದರೆ ಸುಮ್ನೆ ಬದಲಿಸಬೇಡಿ. ಎಣ್ಣೆ ಹಾಕಿ, ಮೊದಲು ಕೈಯಿಂದ ತಿರುಗಿಸಿ ನೋಡಿ. ವೈರಿಂಗ್ ಮಾತ್ರ ಪೂರ್ತಿ ಹೊಸದಿರಲಿ. ತುಕ್ಕು ತಡೆಯಲು ಕಟ್ಟುವ ಸತುವಿನ ತುಂಡುಗಳು ಮಿತಿಯಲ್ಲಿರಲಿ. ಅವು ಜಾಸ್ತಿಯಾದರೆ ಲೋಹದ ಸುತ್ತ ಕ್ಷಾರ ಹುಟ್ಟಿ ಮರವೇ ಮೆತ್ತಗಾಗುತ್ತದೆ.

ನೀರಿಗಿಳಿಸುವ ದಿನ

ಒಣಗಿದ ದೋಣಿ ನೀರಿಗಿಳಿದ ಕೂಡಲೇ ಸೋರುತ್ತದೆ. ಹೆದರಬೇಡಿ. ಕ್ರೇನಿನ ಪಟ್ಟಿಯಿಂದ ಬಿಡಿಸದೆ ಆ ರಾತ್ರಿ ಹಾಗೇ ತೂಗಿಡಲು ಮೊದಲೇ ಮಾತಾಡಿಕೊಳ್ಳಿ. ಎರಡು ಪಂಪ್ ಇರಲಿ, ಎರಡಕ್ಕೂ ಬೇರೆ ಬೇರೆ ಬ್ಯಾಟರಿ ಇರಲಿ. ಟಾರ್ಚ್ ಹಿಡಿದು ಎಲ್ಲಿಂದ ನೀರು ಬರುತ್ತಿದೆ ಎಂದು ಬರೆದಿಟ್ಟುಕೊಳ್ಳಿ. ಸಂದಿಯಿಂದ ಜಿನುಗಿದರೆ ಕಾಯಬಹುದು. ಬೋಲ್ಟ್ ಅಥವಾ ಪೈಪಿನ ಬಳಿ ಚಿಮ್ಮಿದರೆ ತಕ್ಷಣ ಮೇಲೆತ್ತಿಸಿ.

ಆಮೇಲೆ ಒಂದು ಕುರ್ಚಿ, ಒಂದು ಫ್ಲಾಸ್ಕ್ ಕಾಫಿ ಇಟ್ಟುಕೊಂಡು ಒಳಗೆ ಕೂತುಕೊಳ್ಳಿ. ಪಂಪ್ ಎಷ್ಟು ಹೊತ್ತಿಗೊಮ್ಮೆ ಓಡುತ್ತದೆ, ಗಡಿಯಾರ ನೋಡಿ ಬರೆಯಿರಿ. ಮೊದಲು ಬಿಡುವೇ ಇರುವುದಿಲ್ಲ. ಮರ ನೀರು ಕುಡಿಯುತ್ತ ಬಂದ ಹಾಗೆ ಬಿಡುವು ಹತ್ತು ನಿಮಿಷ ಆಗುತ್ತದೆ, ಅರ್ಧ ಗಂಟೆ ಆಗುತ್ತದೆ. ಬೆಳಗಿನ ಜಾವದ ಹೊತ್ತಿಗೆ ಒಳಗೆ ನಿಮ್ಮ ಉಸಿರಿನ ಸದ್ದೇ ಜೋರಾಗಿ ಕೇಳಿಸುತ್ತದೆ.