ಬಣ್ಣದ ಕ್ಯಾಮೆರಾದಲ್ಲೇ ಸಿಕ್ಕಿತು ಕ್ಲಿಯೋಪಾತ್ರಾದ ಗಿರಕಿ

216 ಕ್ಲಿಯೋಪಾತ್ರಾ ಅನ್ನುವ ಕ್ಷುದ್ರಗ್ರಹ ತನ್ನ ಸುತ್ತ ಒಂದು ಗಿರಕಿ ಹೊಡೆಯಲು 5 ಗಂಟೆ 23 ನಿಮಿಷ ಬೇಕು. ಆರು ಇಂಚಿನ ಟೆಲಿಸ್ಕೋಪು, ಒಂದು ಹಳೇ ಡಿಎಸ್‌ಎಲ್‌ಆರ್ ಇಟ್ಟುಕೊಂಡು ಅದನ್ನು ನಾನೇ ಅಳೆದೆ. ಕೆಲವೇ ಸೆಕೆಂಡುಗಳ ಹೆಚ್ಚುಕಡಿಮೆಯಲ್ಲಿ ಉತ್ತರ ಬಂತು. ಬಣ್ಣದ ಕ್ಯಾಮೆರಾದಲ್ಲಿ ಇದು ಆಗೋ ಮಾತಲ್ಲ, ಸೆನ್ಸರ್ ತಂಪು ಮಾಡುವ ಕಪ್ಪು-ಬಿಳುಪು ಕ್ಯಾಮೆರಾ ಬೇಕೇ ಬೇಕು ಎನ್ನುತ್ತಿದ್ದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆ ಕ್ಯಾಮೆರಾದ ಬೆಲೆ ನನ್ನ ಟೆಲಿಸ್ಕೋಪು, ಅದನ್ನು ಹೊತ್ತು ತಿರುಗಿಸುವ ಮೌಂಟ್ ಎರಡೂ ಸೇರಿದರೂ ಜಾಸ್ತಿ.

ದುಡ್ಡು ದಂಡವಾಗಿದ್ದು ನಗರದ ಬೆಳಕು ತಡೆಯುವ ಫಿಲ್ಟರಿಗೆ. ಟೆಲಿಸ್ಕೋಪಿನ ಬೆಲೆಯ ಕಾಲು ಭಾಗ ಅದಕ್ಕೇ ಹೋಯಿತು. ಫೋಟೋ ಚೆಂದ ಬರುತ್ತದೆ, ನಿಜ. ಆದರೆ ನಮಗೆ ಬೇಕಾದ ಬೆಳಕನ್ನೂ ಅದು ತಿಂದುಹಾಕುತ್ತದೆ, ಲೈಟ್ ಕರ್ವ್‌ನ (ಗಿರಕಿ ಹೊಡೆಯುವಾಗ ಹೊಳಪು ಏರಿಳಿಯುವುದನ್ನು ತೋರಿಸುವ ಗೆರೆ, ಗಿರಕಿಯ ಸಮಯ ಸಿಗುವುದು ಇದರಿಂದಲೇ) ಚುಕ್ಕಿಗಳು ಇನ್ನಷ್ಟು ಚೆದುರುತ್ತವೆ. ಇಬ್ಬನಿ ತಡೆಯುವ ಹೀಟರ್ ಪಟ್ಟಿಗೆ ಹಾಕಿದ ಚಿಲ್ಲರೆ ಹಣ ಮಾತ್ರ ಸಾರ್ಥಕ. ಅದು ಬರುವ ಮೊದಲು ನಡುರಾತ್ರಿ ದಾಟಿದ ಮೇಲಿನ ಫ್ರೇಮುಗಳೆಲ್ಲ ಕಸಕ್ಕೆ ಹೋಗುತ್ತಿದ್ದವು.

ಕೆಲಸಕ್ಕೆ ಬಂದಿದ್ದು ಇಷ್ಟು. ರಾ ಫೈಲಿನಿಂದ (ಕ್ಯಾಮೆರಾ ತಿದ್ದದೆ ಕೊಡುವ ಫೈಲು) ಹಸಿರು ಚಾನೆಲ್ ಮಾತ್ರ ತೆಗೆದುಕೊಂಡೆ. ನಕ್ಷತ್ರ ನಾಲ್ಕಾರು ಪಿಕ್ಸೆಲ್‌ಗಳ ಮೇಲೆ ಹರಡುವಂತೆ ಫೋಕಸ್ ಸ್ವಲ್ಪ ತಪ್ಪಿಸಿದೆ. ಒಂದು ನಿಮಿಷದ ಫ್ರೇಮುಗಳು. ಹೋಲಿಕೆಗೆ ಸೂರ್ಯನಂಥ ಬಣ್ಣದ ನಕ್ಷತ್ರಗಳನ್ನೇ ಆರಿಸಿದೆ. ಕ್ಷುದ್ರಗ್ರಹ ತೋರಿಸುವುದು ಸೂರ್ಯನ ಬೆಳಕನ್ನೇ ಅಲ್ವಾ? ದಿಗಂತದ ಕಡೆ ಇಳಿದಾಗ ಎರಡೂ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ಮಂಕಾಗುತ್ತವೆ. ಯಾವ ನಕ್ಷತ್ರಕ್ಕೆ ಎಷ್ಟು ತೂಕ ಕೊಡಬೇಕು ಅನ್ನುವ ಲೆಕ್ಕ ಸದ್ಯಕ್ಕೆ ನನ್ನಲ್ಲೇ ಇರಲಿ. ಅದರಿಂದಲೇ ಚೆದುರುವಿಕೆ 0.02 ಕಾಂತಿಮಾನದ (ಹೊಳಪಿನ ಅಳತೆ) ಆಸುಪಾಸಿಗೆ ಇಳಿಯಿತು. ಆ ಬಾರಿ ಕ್ಲಿಯೋಪಾತ್ರಾದ ಹೊಳಪಿನ ಏರಿಳಿತ 0.7ರಷ್ಟಿತ್ತು, ಹಾಗಾಗಿ ಅಷ್ಟು ಧಾರಾಳ ಸಾಕು.

ನಿಜವಾಗಿ ಸತಾಯಿಸಿದ್ದು ಕ್ಯಾಮೆರಾ ಅಲ್ಲ, ಸುತ್ತುಗಳ ಎಣಿಕೆ. ಕ್ಲಿಯೋಪಾತ್ರಾ ನಾಯಿ ಕಚ್ಚುವ ಮೂಳೆಯ ಆಕಾರದ್ದು. ಉದ್ದನೆಯ ಮೈ ಎದುರಾದಾಗ ಹೊಳಪು ಜಾಸ್ತಿ, ತುದಿ ಎದುರಾದಾಗ ಕಡಿಮೆ. ಹಾಗಾಗಿ ಕರ್ವ್‌ನಲ್ಲಿ ಒಂದು ಸುತ್ತಿಗೆ ಎರಡು ಉಬ್ಬು, ಎರಡು ತಗ್ಗು, ನೋಡಲು ಎರಡೂ ಒಂದೇ ಥರ. ರಾತ್ರಿಗೆ ಎರಡು ಮೂರು ಗಂಟೆ ಮಾತ್ರ ಹಿಡಿದರೆ, ನಡುವಿನ ಹಗಲಿನಲ್ಲಿ ಅರ್ಧ ಸುತ್ತು ಜಾಸ್ತಿ ಆಯಿತೋ ಕಡಿಮೆ ಆಯಿತೋ ಗೊತ್ತಾಗುವುದಿಲ್ಲ. ಸಾಫ್ಟ್‌ವೇರ್ ಒಮ್ಮೆ 6 ಗಂಟೆ 4 ನಿಮಿಷ ಅನ್ನುತ್ತಿತ್ತು, ಒಮ್ಮೆ 4 ಗಂಟೆ 50 ನಿಮಿಷ. ಎರಡಕ್ಕೂ ಕರ್ವ್ ಚೆನ್ನಾಗಿಯೇ ಕೂರುತ್ತಿತ್ತು! ಕೊನೆಗೆ ಬಿಡಿಸಿದ್ದು ಒಂದೇ ಒಂದು ಉದ್ದನೆಯ ರಾತ್ರಿ: ಆರು ಗಂಟೆಗೂ ಮೀರಿ, ಮೊದಲ ತಗ್ಗಿನಿಂದ ಮೂರನೇ ತಗ್ಗಿನವರೆಗೆ ಬಿಡದೆ ಹಿಡಿದೆ. ಅಲ್ಲಿಗೆ ಸುಳ್ಳು ಉತ್ತರಗಳೆರಡೂ ಬಿದ್ದುಹೋದವು.

ಆಮೇಲಿನದು ಸಲೀಸು. ಒಂದು ತಗ್ಗಿನ ಸಮಯ ನನಗೆ ಮೂರು ನಿಮಿಷ ಆಚೀಚೆ ಸಿಗುತ್ತದೆ. ಎರಡು ವಾರ ಬಿಟ್ಟು ಇನ್ನೊಂದು ತಗ್ಗು ಹಿಡಿದರೆ, ನಡುವೆ ಸುಮಾರು 60 ಸುತ್ತು ಆಗಿರುತ್ತವೆ. ಮೂರು ನಿಮಿಷವನ್ನು 60ರಿಂದ ಭಾಗಿಸಿ, ಮೂರು ಸೆಕೆಂಡು. ಅಷ್ಟರಲ್ಲಿ ಭೂಮಿಯಿಂದ ಅದರ ದೂರ 0.1 ಖಗೋಳಮಾನ (ಭೂಮಿ-ಸೂರ್ಯರ ನಡುವಿನ ದೂರದ ಹತ್ತನೇ ಒಂದು ಭಾಗ) ಬದಲಾದರೆ ಬೆಳಕು 50 ಸೆಕೆಂಡು ಆಚೀಚೆ ಬರುತ್ತದೆ, ಅದನ್ನು ಕಳೆಯಲು ಮರೆಯಬೇಡಿ.

ಕೈ ಕುದುರಿದ ಖುಷಿಗೆ ಟೆಲಿಸ್ಕೋಪನ್ನು ಸುಮ್ನೆ ವೆಸ್ಟಾ ಅನ್ನುವ ಇನ್ನೊಂದು ಕ್ಷುದ್ರಗ್ರಹದ ಕಡೆ ತಿರುಗಿಸಿದೆ. ಅದರದ್ದು ಬೇರೆಯೇ ಕಥೆ. ಏರಿಳಿತ ಬರೀ 0.1ರಷ್ಟು. ಅದೂ ಆಕಾರದಿಂದಲ್ಲ, ಮೈಯ ಒಂದು ಕಡೆ ಹೆಚ್ಚು ಬೆಳ್ಳಗಿರುವುದರಿಂದ. ಹಾಗಾಗಿ ಸುತ್ತಿಗೆ ಒಂದೇ ಉಬ್ಬು. ಎರಡು ಉಬ್ಬಿನ ನಿಯಮ ಹಾಕಿದರೆ 5 ಗಂಟೆ 20 ನಿಮಿಷದ ಗಿರಕಿ 10 ಗಂಟೆ 40 ನಿಮಿಷ ಆಗಿಬಿಡುತ್ತದೆ. ಒಂದು ಕಾಲದಲ್ಲಿ ಖಗೋಳಜ್ಞರ ನಡುವೆಯೂ ಇದೇ ಎರಡು ಅಂಕಿಗಳ ಬಗ್ಗೆ ತಕರಾರಿತ್ತು. ನನ್ನ ಚುಕ್ಕಿಗಳಲ್ಲಿ ಆ ಒಂಟಿ ಉಬ್ಬು ಮಂಕಾಗಿಯಾದರೂ ಕಂಡಿದೆ. ಅದರ ಬಗ್ಗೆ ನನಗೆ ಹೆಮ್ಮೆಯೂ ಇದೆ.

253 ಮಟಿಲ್ಡಾ ಅನ್ನುವ ಕ್ಷುದ್ರಗ್ರಹಕ್ಕೆ ಮಾತ್ರ ಈ ವಿಧಾನ ಸಾಲದು. ಅದರ ಒಂದು ಗಿರಕಿಗೆ 17 ದಿನದ ಮೇಲೆ ಬೇಕು. ಅಲ್ಲಿ ಒಂದು ರಾತ್ರಿಯ ಕರ್ವ್ ಹೆಚ್ಚುಕಮ್ಮಿ ಸಪಾಟು. ರಾತ್ರಿಯಿಂದ ರಾತ್ರಿಗೆ ಕಾಂತಿಮಾನದ ಸೊನ್ನೆಯನ್ನು, ಅಂದರೆ ಅಳತೆ ಶುರುವಾಗುವ ಗುರುತನ್ನು, ಸರಿಯಾಗಿ ಕೂರಿಸದೆ ಅದನ್ನು ಮುಟ್ಟುವ ಹಾಗಿಲ್ಲ. ಹಸಿರು ಚಾನೆಲ್‌ನಲ್ಲಿ ಅದನ್ನು ಕೂರಿಸುವ ಕೆಲಸ ಈಗ ನಡೆದಿದೆ.