ಹತ್ತು ನಿಮಿಷ ತಡೀರಿ ಅಕ್ಕಾ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಅಂಗಡಿಯ ಕಾಸ್ಮೆಟಿಕ್ಸ್ ಕೌಂಟರಿನಲ್ಲಿ ಆರು ವರ್ಷ ನಿಂತೆ. ನಿಂತೆ ಅಂದರೆ ನಿಜಕ್ಕೂ ನಿಂತೇ ಇದ್ದೆ, ಬೆಳಗ್ಗೆ ಹತ್ತೂವರೆಯಿಂದ ರಾತ್ರಿ ಒಂಬತ್ತರವರೆಗೆ, ಶಹಾಬಾದಿ ಪರ್ಸಿ ಕಲ್ಲಿನ ನೆಲದ ಮೇಲೆ. ಅಂಗಡಿ ಕೆಲಸದವರಿಗೆ ಕೂರಲು ಕುರ್ಚಿ ಕೊಡಬೇಕು ಅಂತ ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಕಾನೂನೇ ಬಂತು. ನಾನು ಖಾಲಿ ಖೋಕಾ (ಮಾಲಿನ ಪೆಟ್ಟಿಗೆ) ಮೇಲೆ ಎರಡು ನಿಮಿಷ ಕೂತರೂ ಮಾಲೀಕರು ಕೆಮ್ಮುತ್ತಿದ್ದರು.

ಮೊದಲ ವರ್ಷ ನನಗೆ ಗೊತ್ತಿದ್ದದ್ದು ಒಂದೇ, ಬೇಗ ಬಿಲ್ ಮಾಡಿಸುವುದು. ತಿಂಗಳ ಕೊನೆಯ ವಾರ, ಟಾರ್ಗೆಟ್‌ಗೆ ಇನ್ನೂ ನಾಲ್ಕು ಸಾವಿರ ಕಡಿಮೆ ಇತ್ತು. ಆಳಂದ ಕಡೆಯ ತಾಯಿ ಮಗಳು ಬಂದರು, ಮಗಳಿಗೆ ಲಗ್ನ. "ಇಕಿ ಬಣ್ಣಕ್ಕಿಂತ ಎರಡ್ ನಂಬರ್ ಬೆಳ್ಳಗಿಂದು ಕೊಡವ್ವಾ" ಅಂದರು ತಾಯಿ. ನಾನು ಟ್ಯೂಬ್‌ಲೈಟ್ ಕೆಳಗೆ ಅಂಗೈ ಹಿಂದೆ ಫೌಂಡೇಶನ್, ಅಂದರೆ ಮುಖದ ಬಣ್ಣಕ್ಕೆ ಹೊಂದಿಸಿ ಹಚ್ಚುವ ಕ್ರೀಮು, ಒಂದು ಚುಕ್ಕೆ ಹಚ್ಚಿ ತೋರಿಸಿದೆ, ಚೆನ್ನಾಗಿ ಕಂಡಿತು, ಅದರ ಜೊತೆ ಕಾಂಪ್ಯಾಕ್ಟ್ ಪೌಡರೂ ಕೊಟ್ಟು ಕಳಿಸಿದೆ. ಹದಿನೈದು ದಿನಕ್ಕೆ ತಾಯಿ ಒಬ್ಬರೇ ಬಂದು ಮೊಬೈಲಿನಲ್ಲಿ ಫೋಟೊ ತೋರಿಸಿದರು. ಕುತ್ತಿಗೆ ಗೋಧಿ ಬಣ್ಣ, ಮುಖ ಬೂದಿ ಬಣ್ಣ. "ನೋಡು, ನನ್ನ ಮಗಳ ಮುಖಕ್ಕ ವಿಭೂತಿ ಹಚ್ಚಿದಂಗ ಅದ" ಅಂದರು. ಬೈಯಲಿಲ್ಲ, ದುಡ್ಡು ವಾಪಸ್ ಕೇಳಲೂ ಇಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಆಮೇಲೆ ನನ್ನ ಕೆಲಸದ ರೀತಿಯೇ ಬದಲಾಯಿತು. ಕೈಗೆ ಹಚ್ಚಿ ತೋರಿಸುವುದನ್ನು ಬಿಟ್ಟೆ, ಕೈ ಬಣ್ಣ ಬೇರೆ, ಮುಖದ ಬಣ್ಣ ಬೇರೆ ಅಲ್ವಾ. ದವಡೆ ಹತ್ತಿರ, ಕುತ್ತಿಗೆಗೆ ತಾಗುವಂತೆ, ಮೂರು ಶೇಡ್‌ಗಳನ್ನು ಬೆರಳಗಲ ಪಟ್ಟೆ ಎಳೆಯುತ್ತಿದ್ದೆ: ಅವರು ಕೇಳಿದ್ದು, ನನಗೆ ಸರಿ ಅನಿಸಿದ್ದು, ಅದಕ್ಕಿಂತ ಒಂದು ನಂಬರ್ ಕಪ್ಪಗಿನದು. ಕೈಗೆ ಸಣ್ಣ ಕನ್ನಡಿ ಕೊಟ್ಟು ಬಾಗಿಲ ಬೆಳಕಿಗೆ ಕರೆದುಕೊಂಡು ಹೋಗುವುದು, ಹತ್ತು ನಿಮಿಷ ತಡೆಯುವುದು. ಚರ್ಮದ ಎಣ್ಣೆ, ಬೆವರು ಸೇರಿದ ಮೇಲೆ ಎಷ್ಟೋ ಫೌಂಡೇಶನ್‌ಗಳು ಸ್ವಲ್ಪ ಕಪ್ಪಾಗುತ್ತವೆ, ಹಚ್ಚಿದ ತಕ್ಷಣ ಕಾಣುವ ಬಣ್ಣ ನಂಬುವಂಥದ್ದಲ್ಲ. ಯಾವ ಪಟ್ಟೆ ಹುಡುಕಿದರೂ ಕಾಣುವುದಿಲ್ಲವೋ ಅದೇ ಅವರ ಶೇಡ್. ಏಪ್ರಿಲ್‌ನಲ್ಲಿ 42 ಡಿಗ್ರಿ ಬಿಸಿಲಿರುವಾಗ "ಎಸಿ ಬಿಟ್ಟು ಇಲ್ಲ್ಯಾಕ ನಿಂದರಸ್ತಿ ತಂಗಿ?" ಅಂತ ಬೈಸಿಕೊಂಡದ್ದೂ ಇದೆ. ಲಗ್ನದ ದಿನವೂ ಮಂಟಪದಲ್ಲಿ ಹೀಗೇ ಬೆವರುತ್ತೀರಿ ಅಕ್ಕಾ, ಈಗಲೇ ನೋಡಿಕೊಳ್ಳಿ ಅನ್ನುತ್ತಿದ್ದೆ.

ಬುರ್ಖಾ ಹಾಕಿದವರನ್ನು ಬಾಗಿಲಿಗೆ ಕರೆಯುವುದು ಹೇಗೆ? ಇದು ನನಗೆ ಹೊಳೆಯಲು ಒಂದು ವರ್ಷ ಹಿಡಿಯಿತು, ನಾಚಿಕೆ ಅನಿಸುತ್ತದೆ. ಹಿಂದಿನ ಗೋದಾಮಿನ ಕಿಟಕಿಗೆ ಒಳ್ಳೆ ಬೆಳಕು ಬರುತ್ತಿತ್ತು. ಅಲ್ಲಿದ್ದ ಖೋಕಾಗಳನ್ನು ಸರಿಸಿ, ಹಳೆ ಸೀರೆಯೊಂದನ್ನು ಪರದೆ ಕಟ್ಟಿದೆ. "ಇಧರ್ ಆವ್ ಆಪಾ" ಅಂದರೆ ಸಾಕು, ಆರಾಮಾಗಿ ನಕಾಬ್ ತೆಗೆದು ಕೂರುತ್ತಿದ್ದರು. ರಂಜಾನ್ ತಿಂಗಳಲ್ಲಿ ಆ ಪರದೆ ಹಿಂದೆ ಪಾಳಿ ಹಚ್ಚಿ ನಿಲ್ಲುತ್ತಿದ್ದರು.

ಧಂದೆ ಜಾಸ್ತಿ ಇದ್ದದ್ದು ರಂಜಾನ್, ಶರಣಬಸವೇಶ್ವರ ಜಾತ್ರೆ, ಬೇಸಿಗೆ ಲಗ್ನಗಳಲ್ಲಿ. ತೊಗರಿ ಮಾರಿದ ಮೇಲೆ ಹಳ್ಳಿಯವರೂ ಬರುತ್ತಿದ್ದರು. ಬೇಸಿಗೆಯಲ್ಲಿ ಕರೆಂಟ್ ಹೋದರೆ ಲಿಪ್‌ಸ್ಟಿಕ್ ಮೇಲೆ ಬೆವರಿನಂತೆ ಹನಿ ಮೂಡುತ್ತದೆ, ಅದು ಕೆಟ್ಟಿದೆ ಅಂತಲ್ಲ, ಮೇಣದಲ್ಲಿನ ಎಣ್ಣೆ ಹೊರಗೆ ಬರುವುದು. ತಗಡಿನ ಮನೆಯವರಿಗೆ ನೀರಿನ ಗಡಿಗೆ ಪಕ್ಕ ಇಡಿ ಅಂತಿದ್ದೆ.

ಇನ್ನು ಬೆಳ್ಳಗಾಗುವ ಕ್ರೀಮು. ಫೇರ್ ಅಂಡ್ ಲವ್ಲಿ 2020ರಲ್ಲೇ ಗ್ಲೋ ಅಂಡ್ ಲವ್ಲಿ ಆಯಿತು, ಕೇಳುವವರು ಮಾತ್ರ ಹಳೆ ಹೆಸರಿನಲ್ಲೇ ಕೇಳುತ್ತಾರೆ. ಅದರ ತಕರಾರು ಬಿಡಿ. ನನಗೆ ಭಯ ಆಗುತ್ತಿದ್ದದ್ದು ಪರ್ಸ್ ಒಳಗಿಂದ ಸೊಟ್ಟ ಟ್ಯೂಬ್ ತೆಗೆದು "ಇಂಥಾದ್ದೇ ಕೊಡ್ರಿ" ಅನ್ನುವವರನ್ನು ಕಂಡರೆ. ತಿರುಗಿಸಿ ಓದಿದರೆ ಬೆಟಾಮೆಥಾಸೋನ್ ಅಥವಾ ಕ್ಲೋಬೆಟಾಸೋಲ್ ಅಂತ ಇರುತ್ತದೆ. ಇವು ಸ್ಟೀರಾಯ್ಡ್, ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ಮೊದಲು ಮುಖ ಹೊಳೆಯುತ್ತದೆ, ಆಮೇಲೆ ಚರ್ಮ ತೆಳ್ಳಗಾಗಿ ಕೆಂಪೇರುತ್ತದೆ, ಕೂದಲು ಬರುತ್ತದೆ, ಹಚ್ಚುವುದು ಬಿಟ್ಟರೆ ಉರಿಯುತ್ತದೆ. ಅಂಥವರಿಗೆ ನಾನು ಏನನ್ನೂ ಮಾರುತ್ತಿರಲಿಲ್ಲ, ಚರ್ಮದ ಡಾಕ್ಟರ್ ಹತ್ತಿರ ಹೋಗಿ ಅನ್ನುತ್ತಿದ್ದೆ. ಮಾರಾಟದ ಮೇಲೆ ಸಿಗುವ ಇನ್ಸೆಂಟಿವ್ ಎರಡು ಮೂರು ತಿಂಗಳು ಹೋಯಿತು. ಆದರೆ ಬಾಗಿಲಲ್ಲಿ ಕಾದು ಶೇಡ್ ಒಯ್ದವರು ಅಕ್ಕ-ತಂಗಿಯರನ್ನು ಕರೆದುಕೊಂಡು ಬರತೊಡಗಿದ್ದರು, ಮಾಲೀಕರ ಕೆಮ್ಮೂ ಕಡಿಮೆಯಾಯಿತು.

ಕಾಯುವಂತೆ ಮಾಡಲು ನನ್ನಿಂದ ಆಗದೇ ಹೋದವರು ಗಂಡಸರು. ಕೂದಲಿಗೆ ಹಚ್ಚುವ ಕಪ್ಪು ಬಣ್ಣದಲ್ಲಿ ಹೆಚ್ಚಾಗಿ ಪಿಪಿಡಿ ಅನ್ನುವ ರಾಸಾಯನಿಕ ಇರುತ್ತದೆ, ಕೆಲವರಿಗೆ ಮುಖವೇ ಊದಿಕೊಳ್ಳುತ್ತದೆ. ಕಿವಿ ಹಿಂದೆ ಸ್ವಲ್ಪ ಹಚ್ಚಿ 48 ತಾಸು ನೋಡಿ ಕಾಕಾ ಅಂತ ಒಬ್ಬರಿಗೆ ಹೇಳಿದೆ.

"ನಾಳಿ ಮಗಳ ಲಗ್ನ ಅದ. 48 ತಾಸು ಎಲ್ಲಿಂದ ತರ್ಲಿ?" ಅಂದು ಪಾಕೀಟು ಕಿಸೆಗೆ ಹಾಕಿಕೊಂಡು ಹೊರಟೇ ಬಿಟ್ಟರು.