ಲಗ್ನಪತ್ರಿಕೆಯ ಕ್ಯೂಆರ್ ಕೋಡ್ ಸ್ಕ್ಯಾನ್ ಆಗಬೇಕಾದರೆ

ಗದಗದ ಬೆಟಗೇರಿಯಲ್ಲಿ ನನ್ನದು ಸಣ್ಣ ಪ್ರೆಸ್. ಈಗ ಲಗ್ನಪತ್ರಿಕೆ ಮಾಡಿಸುವವರೆಲ್ಲ ಕಲ್ಯಾಣ ಮಂಟಪದ ದಾರಿ ತೋರಿಸುವ ಕ್ಯೂಆರ್ ಕೋಡ್ ಕೇಳುತ್ತಾರೆ. ಒಮ್ಮೆ ಮೆರೂನ್ ಕಾಗದದ ಮೇಲೆ ಬಂಗಾರದ ಬಣ್ಣದಲ್ಲಿ ಕೋಡ್ ಹಾಕಿ 400 ಪತ್ರಿಕೆ ಮುದ್ರಿಸಿದ್ದೆ. ಒಂದೂ ಸ್ಕ್ಯಾನ್ ಆಗಲಿಲ್ಲ. ಅಷ್ಟೂ ಮತ್ತೆ ಮುದ್ರಿಸಿ ಕೊಟ್ಟೆ. ಅಂದಿನಿಂದ ಕೋಡ್ ಕಪ್ಪು, ಹಿನ್ನೆಲೆ ಬಿಳಿ.

ಜಾಸ್ತಿ ಜನ ತಪ್ಪುವುದು ಅಂಚಿನಲ್ಲಿ. ಕೋಡಿನೊಳಗಿನ ಅತಿ ಸಣ್ಣ ಚೌಕ ನೋಡಿ. ಅಂಥ ನಾಲ್ಕು ಚೌಕದಷ್ಟು ಖಾಲಿ ಜಾಗ ಸುತ್ತಲೂ ಇರಲೇಬೇಕು. ಅಲ್ಲಿ ಹೂಬಳ್ಳಿ ಎಳೆಯಬೇಡಿ. ಮೂರು ಮೂಲೆಯ ದೊಡ್ಡ ಚೌಕಗಳನ್ನಂತೂ ಮುಟ್ಟಲೇಬೇಡಿ. ಮೊಬೈಲ್ ಕೋಡನ್ನು ಗುರುತಿಸುವುದೇ ಅವುಗಳಿಂದ.

ಪತ್ರಿಕೆಗೆ ನಾನು 2.5 ಸೆಂ.ಮೀ. ಅಗಲ ಇಡುತ್ತೇನೆ. ಬ್ಯಾನರ್ ಆದರೆ, ನೋಡುವ ದೂರದ ಹತ್ತನೇ ಒಂದು ಪಾಲು: 1 ಮೀಟರಿಗೆ 10 ಸೆಂ.ಮೀ. ವಾಟ್ಸಾಪಿನಲ್ಲಿ ಬಂದ ಸಣ್ಣ ಚಿತ್ರವನ್ನು ಸುಮ್ನೆ ಹಿಗ್ಗಿಸಿದರೆ ಅಂಚು ಮಸುಕಾಗುತ್ತದೆ, ಎಷ್ಟು ಹಿಗ್ಗಿಸಿದರೂ ಮಸುಕಾಗದ ಎಸ್‌ವಿಜಿ ಫೈಲ್ ಕೇಳಿ. ಲಿಂಕ್ ಚಿಕ್ಕದಿದ್ದಷ್ಟೂ ಚೌಕಗಳು ಕಡಿಮೆ, ಓದುವುದು ಸುಲಭ. ನಡುವೆ ಗಣಪತಿ ಬೇಕೇ ಬೇಕು ಅಂದರೆ ಕೋಡ್ ತಯಾರಿಸುವಾಗ ಎರರ್ ಕರೆಕ್ಷನ್ (ಹಾಳಾದ ಭಾಗವನ್ನು ಸರಿಪಡಿಸಿಕೊಳ್ಳುವ ವ್ಯವಸ್ಥೆ) 'ಎಚ್' ಮಟ್ಟ ಆರಿಸಿ. ಆಗ ಸುಮಾರು 30% ಹಾಳಾದರೂ ಕೋಡ್ ಓದಬಹುದು.

ಪೂರ್ತಿ ಮುದ್ರಿಸುವ ಮೊದಲು ಒಂದು ಪ್ರೂಫ್ ತೆಗೆದು, ಲ್ಯಾಮಿನೇಷನ್ ಮಾಡಿಸಿ, ಟ್ಯೂಬ್‌ಲೈಟ್ ಕೆಳಗೆ ಹಳೇ ಮೊಬೈಲಿನಲ್ಲೂ ಸ್ಕ್ಯಾನ್ ಮಾಡಿ. ಊರಿನ ಹಿರಿಯರ ಕೈಯಲ್ಲಿರುವುದು ಅಂಥದ್ದೇ ಅಲ್ವಾ?